ಕಡಲಿಗೆ ಆಗದ ಹೊಟ್ಟೆ

ನಾನು ಹರಿನಾಥ, ಕೇರಳದ ಗಡಿಯ ಮಂಜೇಶ್ವರದಲ್ಲಿ, ಕಡಲ ಕರೆಯ ಮರಳಿನಲ್ಲೇ ಹುಟ್ಟಿದವನು. ಅಪ್ಪ, ಅಜ್ಜ, ಅಜ್ಜನ ಅಪ್ಪ ಎಲ್ಲರೂ ಮೀನು ಹಿಡಿದೇ ಬದುಕಿದವರು. ಮಳೆಗಾಲದಲ್ಲಿ ನಮ್ಮ ಜಗಲಿಯ ಮೇಲೆ ಒಣಹಾಕಿದ ಬಟ್ಟೆಗೂ ಉಪ್ಪಿನ ರುಚಿ ಇರುತ್ತದೆ. ಇಂಥ ಮನೆಯಲ್ಲಿ ಹುಟ್ಟಿದ ನನಗೆ ದೋಣಿ ಹತ್ತಿದರೆ ವಾಂತಿಯಾಗುತ್ತದೆ. ಹತ್ತಲೇಬೇಕೆಂದಿಲ್ಲ, ಹತ್ತುವ ಮನಸ್ಸು ಮಾಡಿದರೂ ಸಾಕು, ಹೊಟ್ಟೆಗೆ ಸುದ್ದಿ ಮುಟ್ಟಿಬಿಡುತ್ತದೆ.

ಇದು ಗೊತ್ತಾದದ್ದು ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ರಜೆಯಲ್ಲಿ. ಅಪ್ಪ ಮೊದಲ ಸಲ ನನ್ನನ್ನು ಕಡಲಿಗೆ ಕರೆದುಕೊಂಡು ಹೋದರು. ಹೊಳೆ ಕಡಲಿಗೆ ಸೇರುವ ಅಳಿವೆ ದಾಟಿದ್ದೇ ತಡ, ಬೆಳಗಿನ ಗಂಜಿಯಿಂದ ಹಿಡಿದು ಹಿಂದಿನ ದಿನದ ಸಾರಿನವರೆಗೆ ಎಲ್ಲವೂ ಬಂದ ದಾರಿಯಲ್ಲೇ ವಾಪಸು ಹೋದವು. ಅಪ್ಪ ಒಂದು ಮಾತೂ ಆಡದೆ, ಬಲೆ ಬಿಡದೆಯೇ ದೋಣಿ ತಿರುಗಿಸಿದರು. ಮನೆಗೆ ಬಂದು ಅಮ್ಮನಿಗೆ, "ಇವನಿಗೆ ಕಡಲು ಆಗುವುದಿಲ್ಲ, ಓದಲಿ" ಎಂದರು. ಅಂದಿನಿಂದ ಊರಿನಲ್ಲಿ ನನಗೆ ವಾಂತಿ ಹರಿ ಎಂದು ಹೆಸರಾಯಿತು. ನಮ್ಮ ಕಡಲ ಕರೆಯಲ್ಲಿ ಬೇರೆ ಹರಿಗಳೂ ಇದ್ದುದರಿಂದ ಗುರುತು ಹೇಳುವವರಿಗೆ ಅನುಕೂಲವೂ ಆಯಿತು.

ಹಾಗಾಗಿ ಓದಿದೆ. ಓದಿನಲ್ಲಿಯೂ ನಾನೇನು ಹುಲಿಯಲ್ಲ. ನಿಂತ ನೆಲ ಅಲುಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಶಾಲೆ ಹಿಡಿಸಿತು. ಪಿ.ಎಸ್.ಸಿ. ಪರೀಕ್ಷೆ ಬರೆದು ಕೇರಳ ಸರಕಾರದಲ್ಲಿ ಗುಮಾಸ್ತನಾದೆ. ಸರಕಾರಕ್ಕೆ ನನ್ನ ಮೇಲೆ ಎಂತ ಸಿಟ್ಟಿತ್ತೋ, ಇಷ್ಟು ಇಲಾಖೆಗಳಿರುವಾಗ ನನ್ನನ್ನು ಹುಡುಕಿ ಹುಡುಕಿ ಮೀನುಗಾರಿಕಾ ಇಲಾಖೆಗೆ ಹಾಕಿತು. ಮತ್ಸ್ಯಭವನದಲ್ಲಿ ಕುಳಿತು, ತಿರುವನಂತಪುರದಿಂದ ಮಲಯಾಳದಲ್ಲಿ ಬರುವ ಹವಾಮಾನದ ಎಚ್ಚರಿಕೆಗಳನ್ನು ಕನ್ನಡ ಮಾಡಿ ಬೋರ್ಡಿಗೆ ಅಂಟಿಸುವುದು ನನ್ನ ಕೆಲಸವಾಗಿತ್ತು. ಗಾಳಿ ಬಲವಾಗಿದೆ, ಅಲೆ ಎತ್ತರವಿದೆ, ಯಾರೂ ಕಡಲಿಗೆ ಇಳಿಯಬಾರದು. ಬೆಸ್ತರು ಅದನ್ನು ಓದಿ, ನನ್ನನ್ನು ನೋಡಿ, ಒಂದು ಬೀಡಿ ಸೇದಿ, ಆಕಾಶ ನೋಡಿ ತಮ್ಮ ತೀರ್ಮಾನ ತಾವೇ ಮಾಡುತ್ತಿದ್ದರು. ನನ್ನ ಇಡೀ ಸರ್ವಿಸಿನಲ್ಲಿ ಆ ಎಚ್ಚರಿಕೆಗಳನ್ನು ಅಕ್ಷರಶಃ ನಂಬಿದವನು ಒಬ್ಬನೇ, ಅವುಗಳನ್ನು ಬರೆಯುತ್ತಿದ್ದ ನಾನು.

ಮದುವೆಯಾದದ್ದೂ ಬೆಸ್ತರ ಮನೆಯ ಹುಡುಗಿಯನ್ನೇ. ಪಂಕಜಾಕ್ಷಿಗೆ ನನ್ನ ಅಡ್ಡಹೆಸರು ಮೊದಲೇ ಗೊತ್ತಿತ್ತು. "ಗಂಡ ಕಡಲಿಗೆ ಹೋಗದಿದ್ದರೆ ಸಂಜೆ ದಾರಿ ಕಾಯುವುದು ಇಲ್ಲ, ಅಷ್ಟು ನೆಮ್ಮದಿ" ಎಂದು ಒಪ್ಪಿಕೊಂಡಳಂತೆ. ನನ್ನ ಜೀವನದಲ್ಲಿ ನನ್ನ ಹೊಟ್ಟೆಯಿಂದಾಗಿ ಸಿಕ್ಕಿದ ಎರಡನೆಯ ಲಾಭ ಅವಳು. ಮೊದಲನೆಯದು ಪಿಂಚಣಿ.

ನಮಗೆ ಒಬ್ಬಳೇ ಮಗಳು, ಪೂಜಾಶ್ರೀ. ಅವಳು ಮಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬಂದು ಮೀನುಗಾರಿಕೆಯನ್ನೇ ಓದಿದಳು. ಓದಲಿ ಎಂದು ನಾನೇ ಹೇಳಿದ್ದು. ಮೀನಿನ ವಿಷಯ ಓದಿದವರು ನನ್ನ ಹಾಗೆ ಮೇಜಿನ ಹಿಂದೆ ಕೂರುತ್ತಾರೆ ಎಂಬುದು ನನ್ನ ತಿಳಿವಳಿಕೆ. ಹೋದ ನವೆಂಬರಿನಲ್ಲಿ ಅವಳಿಗೆ ಕೊಚ್ಚಿಯ ಒಂದು ಸಮೀಕ್ಷಾ ಹಡಗಿನಲ್ಲಿ ಕೆಲಸ ಸಿಕ್ಕಿತು. ತಿಂಗಳಲ್ಲಿ ಮುಕ್ಕಾಲು ಪಾಲು ನಡುಕಡಲಿನಲ್ಲಿದ್ದು, ಎಲ್ಲೆಲ್ಲಿ ಯಾವ ಮೀನು ಎಷ್ಟಿದೆ ಎಂದು ನೋಡುವ ಕೆಲಸ. ಮುಂದಿನ ವಾರವೇ ಬಂದು ಸೇರಬೇಕು ಎಂದಿದ್ದರು.

ಸುದ್ದಿ ಕೇಳಿ ಪಂಕಜಾಕ್ಷಿ ಪಾಯಸ ಮಾಡಿದಳು. ನಾನು ಎರಡು ಲೋಟ ಕುಡಿದೆ. ಆದರೆ ಕಣ್ಣು ಮುಚ್ಚಿದರೆ ನಾನೇ ಬರೆದ ಬೋರ್ಡುಗಳು ಸಾಲಾಗಿ ಕಾಣುತ್ತಿದ್ದವು. ನನಗೆ ಹೆದರಿಕೆಯಾಗಿತ್ತು. ಅವಳನ್ನು ಬಿಟ್ಟಿರುವುದು ಕಷ್ಟ ಎಂಬುದೂ ಇತ್ತು, ಆದರೆ ಅದಕ್ಕಿಂತ ದೊಡ್ಡದು ಹೆದರಿಕೆ. ನೆಲದ ಮೇಲೆ ಎಲ್ಲಿಗೆ ಬೇಕಾದರೂ ಹೋಗಲಿ, ಅಂಡಮಾನಿಗೆ ಹೋಗಲಿ, ಆದರೆ ಅಲ್ಲಿಗೂ ನೆಲದ ಮೇಲೆಯೇ ಹೋಗಲಿ ಎಂದು ಬಯಸುವ ಅಪ್ಪ ನಾನು.

ಆ ಸಂಜೆ ಅವಳು ಜಗಲಿಗೆ ಬಂದು ನನ್ನ ಪಕ್ಕ ಕುಳಿತಳು.

"ಅಪ್ಪ, ನನಗೂ ನಿಮ್ಮ ಹೊಟ್ಟೆಯೇ ಆದ್ರೆ ಎಂತ ಮಾಡುವುದು?"

"ಯಾಕೆ ಹಾಗೆ ಕೇಳ್ತಿ?"

"ಕಾಲೇಜಿನಲ್ಲಿ ದೋಣಿಯಲ್ಲಿ ಕರ್ಕೊಂಡು ಹೋಗುವ ದಿನ ಜ್ವರ ಅಂತ ಸುಳ್ಳು ಹೇಳಿದ್ದೆ. ಎಲ್ಲರ ಎದುರು ಕಾರಿದ್ರೆ ಅಂತ ಹೆದರಿಕೆ. ಇಷ್ಟರವರೆಗೆ ಕಡಲಿಗೆ ಇಳಿದೇ ಇಲ್ಲ ನಾನು."

ಒಬ್ಬ ಒಳ್ಳೆಯ ಅಪ್ಪ ಈ ಹೊತ್ತಿಗೆ ಧೈರ್ಯ ಹೇಳುತ್ತಾನೆ. ನನಗೆ ಮಾತ್ರ ತಲೆಯಲ್ಲಿ ಟ್ಯೂಬ್‌ಲೈಟು ಹತ್ತಿಕೊಂಡಿತು. ಒಮ್ಮೆ ಕಡಲಿಗೆ ಕರೆದುಕೊಂಡು ಹೋಗುವುದು. ಹೊಟ್ಟೆ ನನ್ನದೇ ಆಗಿದ್ದರೆ ಅಲ್ಲಿಯೇ ತೀರ್ಮಾನವಾಗುತ್ತದೆ. ನಾನು ಬೇಡ ಎನ್ನಬೇಕಾಗಿಲ್ಲ, ಕಡಲೇ ಹೇಳುತ್ತದೆ. ಅವಳು ಕೆಲಸ ಬೇಡ ಎಂದು ತಾನಾಗಿಯೇ ಬರೆದು ಹಾಕುತ್ತಾಳೆ. ನಾನು ಬೇಸರದ ಮುಖ ಮಾಡಿಕೊಂಡು ಸಮಾಧಾನ ಹೇಳುತ್ತೇನೆ.

"ಆದಿತ್ಯವಾರ ಎಲ್ಲರೂ ಒಟ್ಟಿಗೆ ಕಡಲಿಗೆ ಹೋಗುವಾ. ಗಾಳ ಹಾಕುವಾ. ನೋಡಿದ ಹಾಗೂ ಆಯಿತು, ಫ್ಯಾಮಿಲಿ ಟ್ರಿಪ್ಪೂ ಆಯಿತು" ಎಂದೆ.

ಒಳಗಿನಿಂದ ಪಂಕಜಾಕ್ಷಿ ಬಾಗಿಲಿಗೆ ಬಂದು ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಮತ್ತೆ ಇವರಿಗೆ ಎಂತ ಆಯಿತು?" ಎಂದು ಮಗಳನ್ನು ಕೇಳಿದಳು. ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ, ಹಾಗಾಗಿ ಅವಳ ಮಾತು ಇದ್ದದ್ದಕ್ಕಿಂತ ತುಸು ಸೌಮ್ಯವಾಗಿ ಕೇಳಬಹುದು.

ದೋಣಿ ಪಂಕಜಾಕ್ಷಿಯ ತಮ್ಮ ಲತೇಶನದು. ಎಂಜಿನ್ ಕೂರಿಸಿದ ಫೈಬರ್ ದೋಣಿ. ಲತೇಶ ಬೆಳಗ್ಗೆ ಆರಕ್ಕೆ ಬಂದರಿಗೆ ಬನ್ನಿ ಎಂದಿದ್ದ. ನಮ್ಮ ಕಡಲಿನ ಕ್ರಮ ಗೊತ್ತಿದ್ದವರಿಗೆ ಇದರ ಅರ್ಥ ತಿಳಿಯುತ್ತದೆ. ಆ ತಿಂಗಳುಗಳಲ್ಲಿ ಬೆಳಗಿನ ಕಡಲು ಮಲಗಿರುತ್ತದೆ, ಬಿಸಿಲು ಏರಿದಂತೆ ಗಾಳಿ ಎದ್ದು ನೀರು ಕುಣಿಯಲು ಶುರುಮಾಡುತ್ತದೆ. ಕಡಲನ್ನು ಕಾಗದದ ಮೇಲೆ ಅರೆದು ಕುಡಿದ ನನಗೆ ಇದು ಗೊತ್ತಿಲ್ಲವೇ? ಆರು ಗಂಟೆಗೆ ಹೋದರೆ ಅವಳು ತೊಟ್ಟಿಲಲ್ಲಿ ಕೂತ ಹಾಗೆ ಕೂತು ಬರುತ್ತಾಳೆ. ಆದ್ದರಿಂದ ತಡಮಾಡಬೇಕು.

ತಡಮಾಡುವುದರಲ್ಲಿ ಸರಕಾರಿ ನೌಕರನಿಗೆ ಯಾರೂ ಕಲಿಸಬೇಕಾಗಿಲ್ಲ. ಮೊದಲು ಸ್ನಾನ ನಿಧಾನ ಮಾಡಿದೆ. ಆಮೇಲೆ ಕಡಲಿಗೆ ಹೋಗುವ ಮೊದಲು ದೇವಸ್ಥಾನಕ್ಕೆ ಹೋಗಿ ಬರಬೇಕು ಎಂದೆ. ಅಲ್ಲಿಂದ ಬರುವಾಗ ಕೋಳಿ ತಂದೆ. ಹೊಟ್ಟೆ ಖಾಲಿಯಿದ್ದರೆ ತಲೆ ತಿರುಗುತ್ತದೆ, ತುಂಬ ತಿನ್ನಬೇಕು ಎಂದು ಹೇಳಿ ನೀರುದೋಸೆ, ತೆಂಗಿನಕಾಯಿ ಅರೆದ ಕೋಳಿ ಗಸಿ ಮಾಡಿಸಿದೆ. ಪೂಜಾಶ್ರೀಗೆ ಒಂದು ದೋಸೆ ಜಾಸ್ತಿ ಹಾಕಿಸಿ, ಅವಳಿಗೆ ಸಂಶಯ ಬಾರದಿರಲಿ ಎಂದು ನಾನೂ ಜೊತೆಗೆ ಕೂತು ಗಡದ್ದಾಗಿ ಉಂಡೆ. ನನ್ನ ಉಪಾಯದಲ್ಲಿ ಒಂದು ಸಣ್ಣ ತೂತು ಇತ್ತು. ಅದೇ ದೋಣಿಯಲ್ಲಿ ನಾನೂ ಇರುತ್ತೇನೆ ಎಂಬುದು ಕೋಳಿಯ ಕಾಲು ಚೀಪುವವರೆಗೂ ನನಗೆ ಹೊಳೆದಿರಲಿಲ್ಲ.

ಬಂದರಿಗೆ ಮುಟ್ಟುವಾಗ ಹನ್ನೊಂದು ಹೊಡೆದಿತ್ತು. ಲತೇಶ ದೋಣಿಯ ತಲೆಯ ಮೇಲೆ ಕೂತು ನಿದ್ದೆ ತೂಗುತ್ತಿದ್ದ.

"ಭಾವ, ಗಾಳಿ ಎದ್ದಾಯ್ತು. ಈಗ ಹೋದ್ರೆ ದೋಣಿ ಕುಣೀತದೆ. ನಾಳೆ ಬೇಗ ಹೋಗುವಾ?"

"ಅಪಾಯ ಉಂಟಾ?"

"ಅಪಾಯ ಎಂತದೂ ಇಲ್ಲ ಮಾರಾಯ್ರೆ. ನಾವು ದಿನಾ ಹೋಗುವವರಲ್ವಾ. ನಿಮ್ಮನ್ನು ನೋಡಿ ಹೇಳಿದ್ದು."

"ಕುಣಿಯಲಿ ಬಿಡು" ಎಂದೆ. ಗಂಡಸುತನ ಇದ್ದವನ ಧ್ವನಿಯಲ್ಲಿ ಹೇಳಿದೆ ಎಂದು ನನ್ನ ನಂಬಿಕೆ.

ಚಪ್ಪಲಿ ಕಳಚಿ, ದೋಣಿಯ ತಲೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದೆವು. ಪಂಕಜಾಕ್ಷಿಗೂ ಅದು ಮೊದಲ ಸಲ. ಅವಳ ಅಪ್ಪನ ಕಾಲದಲ್ಲಿ ಹೆಂಗಸರು ಮೀನಿನ ದೋಣಿ ಹತ್ತುತ್ತಿರಲಿಲ್ಲ. ಅವಳು ಸೀರೆ ಎತ್ತಿಕಟ್ಟಿ ಒಂದೇ ನೆಗೆತಕ್ಕೆ ಒಳಗೆ ಬಂದು, ದಾರಿಗೆಂದು ಕಟ್ಟಿಕೊಂಡ ಬನ್ಸಿನ ಪೊಟ್ಟಣ ತೊಡೆಯ ಮೇಲಿಟ್ಟು ಕೂತಳು. ಎಲ್ಲರೂ ಲೈಫ್ ಜಾಕೆಟ್ ಹಾಕಲೇಬೇಕೆಂದು ನಾನು ಹಟ ಹಿಡಿದೆ. ಉಳಿದವರದೆಲ್ಲ ಸರಿಯಾಗಿ ಕೂತಿತು. ಇಲಾಖೆಯಿಂದ ಊರಿಗೆಲ್ಲ ಜಾಕೆಟ್ ಹಂಚಿದ ನನಗೆ ನನ್ನ ಹೊಟ್ಟೆಯ ಮುಂದೆ ಕೊಕ್ಕೆ ಸೇರಲಿಲ್ಲ. ಲತೇಶ ಒಂದು ಹಗ್ಗ ತಂದು ಬಿಗಿದು ಕಟ್ಟಿದ. ಈಗ ನಾನು ನೋಡಲಿಕ್ಕೆ ಗೋಣಿಯಲ್ಲಿ ತುಂಬಿಸಿದ ತೆಂಗಿನಕಾಯಿಗಳ ಹಾಗಿದ್ದೇನೆ ಎಂದು ಮಗಳು ಫೋಟೋ ತೆಗೆದಳು.

ಅಳಿವೆ ದಾಟಿ ದೋಣಿ ಬಡಗು ದಿಕ್ಕಿಗೆ ತಿರುಗಿತು. ಬಲಕ್ಕೆ ಕಣ್ವತೀರ್ಥದ ತೆಂಗಿನ ಸಾಲು, ಎಡಕ್ಕೆ ಎಲ್ಲಿಯೂ ಮುಗಿಯದ ನೀರು. ಅಲೆ ಬಂದು ದೋಣಿಯನ್ನು ಎತ್ತುವುದು, ಒಂದು ಕ್ಷಣ ಹಿಡಿದುಕೊಳ್ಳುವುದು, ಮತ್ತೆ ಕೈಬಿಡುವುದು. ನಾನು ಮಗಳ ಮುಖವನ್ನೇ ನೋಡುತ್ತಿದ್ದೆ. ಅವಳು ಕೂದಲನ್ನು ಗಟ್ಟಿಯಾಗಿ ಕಟ್ಟಿಕೊಂಡು, ದೂರದ ಗೆರೆಯನ್ನು ನೋಡುತ್ತ ಕೂತಿದ್ದಳು. ಮುಖ ಬಾಡಿಲ್ಲ. ಇನ್ನೂ ಇಲ್ಲ. ಇಷ್ಟು ಕೋಳಿ ತಿಂದೂ ಇಲ್ಲ. ಹೀಗೆ ಅವಳನ್ನು ನೋಡುವುದರಲ್ಲಿ ಮೈಮರೆತು ನನ್ನ ಕಡೆ ಗಮನ ಕೊಡಲು ಮರೆತೆ.

ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಹೇಳಿದ್ದಾರೆ. ಉಂಡದ್ದು ಎಲ್ಲಿಗೆ ಹೋಗುತ್ತದೆ ಎಂದು ಅವರು ಹೇಳಿಲ್ಲ. ಲತೇಶ ಎಂಜಿನ್ ನಿಲ್ಲಿಸಿ ಗಾಳ ಬಿಚ್ಚುತ್ತಿದ್ದಂತೆ ದೋಣಿ ಅಡ್ಡಕ್ಕೆ ತೂಗಲು ಶುರುವಾಯಿತು. ನನ್ನ ಬಾಯಲ್ಲಿ ನೀರೂರಿತು. ಎದ್ದು ಅಂಚು ಹಿಡಿಯುವುದಕ್ಕೆ ಮಾತ್ರ ಸಮಯವಿತ್ತು. ನೀರುದೋಸೆ ಹೋಯಿತು, ಗಸಿ ಹೋಯಿತು, ದೇವಸ್ಥಾನದ ಪ್ರಸಾದವೂ ಹೋಯಿತು. ಪಂಕಜಾಕ್ಷಿ ಒಂದು ಕೈಯಲ್ಲಿ ನನ್ನ ಜಾಕೆಟ್ಟಿನ ಹಗ್ಗ ಹಿಡಿದು, ಇನ್ನೊಂದು ಕೈಯಲ್ಲಿ ಬನ್ಸು ತಿನ್ನುತ್ತಿದ್ದಳು. "ಪೂರಾ ಹೋಗಲಿ, ಅರ್ಧ ಇಟ್ಟುಕೊಳ್ಳಬೇಡಿ" ಎಂದಳು.

ತಲೆ ಎತ್ತುವಷ್ಟರಲ್ಲಿ ದೋಣಿಯ ಸುತ್ತ ನೀರು ಚಿಟಿಚಿಟಿ ಎನ್ನುತ್ತಿತ್ತು.

"ಬಂಗುಡೆ" ಎಂದ ಲತೇಶ. "ಬಂಗುಡೆಯ ಹಿಂಡೇ ಬಂದದ್ದು. ಭಾವ, ನಿಲ್ಲಿಸಬೇಡಿ."

ನಿಲ್ಲಿಸುವುದು ನನ್ನ ಕೈಯಲ್ಲಿ ಇರಲಿಲ್ಲ. ನಾನು ಕೊಡುತ್ತಲೇ ಹೋದೆ, ಬಂಗುಡೆ ತಿನ್ನುತ್ತಲೇ ಹೋದವು, ದೋಣಿಯ ಎರಡೂ ಬದಿಯಲ್ಲಿ ನನ್ನ ಹೆಂಡತಿಯೂ ಮಗಳೂ ಭಾವಮೈದುನನೂ ಗಾಳ ಇಳಿಸಿ ಎತ್ತಿ ಎತ್ತಿ ದೋಣಿಗೆ ಹಾಕುತ್ತಿದ್ದರು. ಒಂದು ದಾರಕ್ಕೆ ನಾಲ್ಕೈದು ಗಾಳ, ಪ್ರತಿಯೊಂದರಲ್ಲೂ ಒಂದು ಮೀನು. ನಮ್ಮಲ್ಲಿ ಹಿಡಿದ ಮೀನನ್ನು ಪಾಲು ಮಾಡುವ ಕ್ರಮವುಂಟು: ದೋಣಿಗೊಂದು ಪಾಲು, ಬಲೆಗೊಂದು, ದುಡಿದವರಿಗೆ ಒಂದೊಂದು. ಲತೇಶ ಗಂಭೀರವಾಗಿ ಹೇಳಿದ: "ಅಕ್ಕ, ಇವತ್ತು ಭಾವನಿಗೆ ಎರಡು ಪಾಲು ಕೊಡ್ಬೇಕು. ಆಳಿನದ್ದು ಒಂದು, ಎರೆಯದ್ದು ಒಂದು." ನನ್ನ ವಂಶದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಮೀನು ಹಿಡಿದವರು ಯಾರೂ ಇರಲಿಕ್ಕಿಲ್ಲ.

ಅಷ್ಟರಲ್ಲಿ ದೋಣಿ ತೇಲುತ್ತ ಗಡಿಯ ತಲಪಾಡಿಯ ಎದುರು ದಾಟಿತ್ತು. ಸೋಮೇಶ್ವರದ ಬಂಡೆ ಕಾಣುತ್ತಿತ್ತು. "ಇದು ಕರ್ನಾಟಕ" ಎಂದ ಲತೇಶ. ನನಗೆ ಇನ್ನೊಮ್ಮೆ ಬಂತು. ಕೇರಳ ಸರಕಾರದ ಪಿಂಚಣಿಯಲ್ಲಿ ಉಂಡದ್ದನ್ನು ಕರ್ನಾಟಕದ ಕಡಲಿಗೆ ಒಪ್ಪಿಸಿ ನಾನು ದೋಣಿಯ ಹಲಗೆಯ ಮೇಲೆ ಬಿದ್ದುಕೊಂಡೆ. ಗಡಿನಾಡಿನವನಿಗೆ ಎರಡೂ ಕಡೆಯ ಋಣ ಇರಬೇಕಲ್ಲ.

ಆಗಲೇ ಗಮನಿಸಿದೆ. ಪೂಜಾಶ್ರೀ ಮಾತು ನಿಲ್ಲಿಸಿದ್ದಳು. ಗಾಳದ ದಾರ ಬೆರಳಿಗೆ ಸುತ್ತಿಕೊಂಡೇ ಇದ್ದಳು, ಆದರೆ ಎತ್ತುತ್ತಿರಲಿಲ್ಲ. ತುಟಿ ಬಿಳಿಚಿತ್ತು, ಹಣೆಯ ಮೇಲೆ ಬೆವರು ಹನಿಯಾಗಿ ನಿಂತಿತ್ತು. ಈ ಲಕ್ಷಣಗಳೆಲ್ಲ ನನಗೆ ಪಾಠವಾಗಿದ್ದವು. ಬಂತು ಎಂದುಕೊಂಡೆ. ಬೆಳಗಿನಿಂದ ಇಷ್ಟೆಲ್ಲ ಕಸರತ್ತು ಮಾಡಿದ್ದು ಇದಕ್ಕೇ ತಾನೆ. ಅವಳು ಅಂಚಿಗೆ ಬಗ್ಗಿದಳು.

ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಅವಳ ಬೆನ್ನು ಎಳೆದೆಳೆದು ಬಗ್ಗುವುದನ್ನು ನೋಡಿ ಸುಮ್ಮನೆ ಬಿದ್ದುಕೊಂಡಿರಲು ಆಗಲಿಲ್ಲ. ಮಲಗಿದಲ್ಲಿಂದ ತೆವಳಿಕೊಂಡು ಹೋಗಿ ಅವಳ ಬೆನ್ನು ಉಜ್ಜಿದೆ. ಸಣ್ಣವಳಿರುವಾಗ ಜ್ವರ ಬಂದರೆ ಹೀಗೆಯೇ ಉಜ್ಜುತ್ತಿದ್ದೆ. ನನ್ನ ಮೇಲೆ ನನಗೆ ಹೇಸಿಗೆಯಾಯಿತು.

"ತಿರುಗಿಸು ಲತೇಶ. ಸಾಕು. ಇವಳಿಗೆ ಕಡಲು ಆಗುವುದಿಲ್ಲ" ಎಂದೆ.

ಲತೇಶ ಎಂಜಿನ್ನಿನ ಹಗ್ಗಕ್ಕೆ ಕೈಹಾಕಿದ. ಪೂಜಾಶ್ರೀ ತಲೆ ಎತ್ತದೆಯೇ ಕೈ ಅಡ್ಡ ಹಿಡಿದಳು. ಬಾಟಲಿಯ ನೀರಿನಿಂದ ಬಾಯಿ ತೊಳೆದಳು, ಅಂಗಿಯ ತೋಳಿಗೆ ಮುಖ ಒರೆಸಿದಳು.

"ಯಾಕೆ ಮಾಮ ತಿರುಗಿಸುವುದು? ನನ್ನ ಗಾಳದಲ್ಲಿ ಮೀನು ಉಂಟು."

ಎಳೆದಳು. ನಾಲ್ಕು ಬಂಗುಡೆ ಇದ್ದವು. ಬಿಡಿಸಿ ಬುಟ್ಟಿಗೆ ಹಾಕಿದಳು, ಗಾಳ ಮತ್ತೆ ಇಳಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಬಗ್ಗಿ ಕಾರಿದಳು. ಈ ಸಲ ದಾರವನ್ನು ಕೈಯಿಂದ ಬಿಡಲೂ ಇಲ್ಲ.

"ಪೂಜಾ, ನೀನು ಕಾರ್ತಿದ್ದಿ" ಎಂದೆ. ಅವಳಿಗೆ ಗೊತ್ತಾಗಿಲ್ಲವೇನೋ ಎಂಬ ಹಾಗೆ.

"ಹೌದಪ್ಪ. ಕಾರಿದ್ರೆ ಎಂತ? ಕಾರಿಕೊಂಡೇ ಮಾಡುವುದು."

ಈ ಮಾತು ಇಷ್ಟು ವರ್ಷ ನನ್ನ ತಲೆಗೆ ಒಮ್ಮೆಯೂ ಬಂದಿರಲಿಲ್ಲ. ವಾಂತಿಯಾದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ ಎಂದೇ ನಾನು ತಿಳಿದದ್ದು.

ಲತೇಶ ನಕ್ಕ. "ಸರಿಯಾಗಿ ಹೇಳಿದಳು. ಭಾವ, ಮಳೆಗಾಲ ಕಳೆದು ಮೊದಲ ಸಲ ಇಳಿಯುವಾಗ ನಾನೂ ಕಾರ್ತೇನೆ. ನಮ್ಮ ದೋಣಿಯವರು ಹೆಚ್ಚಿನವರೂ ಕಾರ್ತಾರೆ. ಎರಡು ಮೂರು ದಿನ, ಮತ್ತೆ ಸರಿಯಾಗ್ತದೆ."

"ನೀನಾ?"

"ಮತ್ತೆ? ಹೊಟ್ಟೆಗೆ ಎಂತ ಗೊತ್ತು, ನಾನು ಯಾರ ಮಗ ಅಂತ?"

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ಮಾರಾಯ?"

"ಕಡಲಲ್ಲಿ ಕಾರಿದ್ದನ್ನು ಯಾರಾದ್ರೂ ದಡಕ್ಕೆ ಬಂದು ಹೇಳ್ತಾರಾ ಭಾವ? ಹೇಳಿದ್ರೆ ನಿಮ್ಮ ಹಾಗೆ ಹೆಸರು ಬೀಳ್ತದೆ."

ಪಂಕಜಾಕ್ಷಿ ಕೊನೆಯ ಬನ್ಸನ್ನು ಎರಡು ಮಾಡುತ್ತ, ಊರಿನ ಸುದ್ದಿ ಹೇಳುವ ಹಾಗೆ ಹೇಳಿದಳು: "ನಿಮ್ಮ ಅಪ್ಪನಿಗೂ ಇತ್ತಂತೆ. ಪ್ರತಿವರ್ಷ ಮೊದಲ ದಿನ ಬಂದು ಊಟ ಮಾಡದೆ ಮಲಗ್ತಿದ್ದರಂತೆ. ಅತ್ತೆ ನನ್ನ ಹತ್ರ ಹೇಳಿದ್ದುಂಟು."

"ನನಗೆ ಹೇಳಬಾರದಿತ್ತಾ?"

"ನೀವು ಕೇಳಿದ್ರಾ? ನಾನು ಮದುವೆಯಾಗಿ ಬರುವಾಗ ನಿಮಗೆ ಸರಕಾರಿ ಕೆಲಸ ಆಗಿತ್ತು. ಇನ್ನು ಯಾಕೆ ಅಂತ ಸುಮ್ಮನಿದ್ದೆ."

ನನ್ನ ಹೆಸರು, ನನ್ನ ಓದು, ನನ್ನ ನೌಕರಿ, ನನ್ನ ಮದುವೆ ಎಲ್ಲ ನಿಂತದ್ದು ಒಂದು ದಿನದ ಗಂಜಿಯ ಮೇಲೆ. ಆ ಗಂಜಿ ಎಲ್ಲರ ಹೊಟ್ಟೆಯಿಂದಲೂ ಬರುತ್ತಿತ್ತಂತೆ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡಕ್ಕೂ ಹೊಟ್ಟೆಯಲ್ಲಿ ಶಕ್ತಿ ಇರಲಿಲ್ಲ. ಆದರೆ ಒಂದು ವಿಷಯ ಅಲ್ಲಿಯೇ, ಬಂಗುಡೆಯ ಬುಟ್ಟಿಗೆ ಒರಗಿಕೊಂಡಲ್ಲಿಯೇ ಅರ್ಥವಾಯಿತು. ವಾಂತಿ ಎಂದರೆ ಎರಡು ದಿನದ ಸಂಗತಿ ಎಂದು ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ದೋಣಿ ತಿರುಗಿಸಿದರು. ಅವರಿಗೆ ತಿರುಗಿಸಲಿಕ್ಕೆ ಒಂದು ನೆಪ ಬೇಕಿತ್ತು. ನನ್ನನ್ನು ಕಡಲಿಗೆ ಕೊಡಲು ಅವರಿಗೆ ಮನಸ್ಸಿರಲಿಲ್ಲ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು, ಈಗ ಹೋಗಿ ಕೇಳುವ ಹಾಗಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಬೆಳಗಿನಿಂದ ನಾನು ಮಾಡುತ್ತಿದ್ದದ್ದೂ ಅದನ್ನೇ. ಅವರು ಒಂದು ಮಾತೂ ಆಡದೆ ಕೆಲಸ ಮುಗಿಸಿದ್ದರು. ನನಗೆ ಒಂದು ಕೋಳಿ ಬೇಕಾಯಿತು.

ನನಗೆ ಅಪ್ಪನ ಮೇಲೆ ಸಿಟ್ಟು ಬರಲಿಲ್ಲ. ನನ್ನ ಬದುಕು ಚೆನ್ನಾಗಿಯೇ ಇತ್ತು. ಆದರೆ ನನಗೆ ಆಗುವುದಿಲ್ಲ ಎಂದು ಇಷ್ಟು ಕಾಲ ನಂಬಿದ್ದೆನಲ್ಲ, ಆ ಹುಡುಗನನ್ನು ನೆನೆದು ತುಂಬ ಸಂಕಟವಾಯಿತು. ಈ ಹುಡುಗಿಗೆ ಅದನ್ನು ಮಾಡಬಾರದು ಅನ್ನಿಸಿತು.

ಲತೇಶ ದೋಣಿಯನ್ನು ಮಂಜೇಶ್ವರದ ಕಡೆಗೆ ತಿರುಗಿಸಿದ. ಬುಟ್ಟಿ ತುಂಬಿತ್ತು. ನಾನು ಮಗಳ ಪಕ್ಕ ಜರುಗಿ ಕೂತೆ.

"ಪೂಜಾ, ಇವತ್ತು ತಡಮಾಡಿದ್ದು ನಾನೇ. ಬೇಕೆಂತಲೇ. ಗಾಳಿ ಏಳಲಿ ಅಂತ. ಆ ಕೋಳಿ ತಂದದ್ದೂ ಅದಕ್ಕೇ."

"ಗೊತ್ತುಂಟು ಅಪ್ಪ."

"ಗೊತ್ತಿತ್ತಾ?"

"ಆರು ಗಂಟೆಗೆ ಹೊರಡಬೇಕಾದವರು ಏಳು ಗಂಟೆಗೆ ಕೋಳಿ ಹಿಡ್ಕೊಂಡು ಮನೆಗೆ ಬಂದ್ರಲ್ಲ. ಅಮ್ಮನಿಗೂ ಗೊತ್ತಿತ್ತು."

ಪಂಕಜಾಕ್ಷಿ ಕಡಲಿನ ಕಡೆ ಮುಖ ಮಾಡಿ ಕೂತಿದ್ದಳು. ಹಿಂದಿನಿಂದ ನೋಡಿದರೂ ಅವಳು ನಗುತ್ತಿದ್ದಾಳೆ ಎಂದು ತಿಳಿಯುತ್ತಿತ್ತು.

"ಗೊತ್ತಿದ್ದೂ ಯಾಕೆ ತಿಂದೆ ಮತ್ತೆ?"

"ಕಾರಬೇಕಿತ್ತು ನನಗೆ" ಎಂದಳು. "ಆ ಹಡಗಿನಲ್ಲಿ 'ಕಾರಿದ್ರೆ ಎಂತ ಮಾಡುವುದು' ಅಂತ ದಿನಾ ಹೆದರಿಕೊಂಡು ಕೂತುಕೊಳ್ಳುವುದಕ್ಕಿಂತ, ಒಮ್ಮೆ ನಿಮ್ಮ ಎದುರು ಕಾರಿಬಿಟ್ರೆ ಆಯಿತಲ್ಲ ಅಂತ. ನೀವಾದ್ರೆ ನಗಾಡುವುದಿಲ್ಲ."

ಕೊನೆಗೆ ಒಳ್ಳೆಯ ಅಪ್ಪನ ಹಾಗೆ ಒಂದು ಮಾತು ಹೇಳೋಣ ಎಂದು ಬಾಯಿ ತೆರೆದರೆ ಮಾತಿನ ಬದಲು ಬೇರೆ ಏನೋ ಬರುವ ಸೂಚನೆ ಕಂಡಿತು. ದೋಣಿ ಅಳಿವೆಯ ಬಾಯಿಗೆ ಬಂದಿತ್ತು. ಹೊಳೆಯ ನೀರೂ ಕಡಲಿನ ನೀರೂ ಕೂಡುವ ಜಾಗ, ದೋಣಿ ನಾಲ್ಕೂ ದಿಕ್ಕಿಗೆ ಒಮ್ಮೆಲೇ ಹೊಯ್ದಾಡಿತು. ನಾನು ಅಂಚಿಗೆ ಬಗ್ಗಿದೆ. ಅವಳೂ ನನ್ನ ಪಕ್ಕದಲ್ಲೇ ಬಗ್ಗಿದಳು. ಇಬ್ಬರೂ ಕೈ ಹಿಡಿದುಕೊಂಡು ಒಟ್ಟಿಗೆ ಕಾರಿದೆವು. ದೋಣಿ ನಮ್ಮ ಬದಿಗೆ ವಾಲಿ ನೀರು ಅಂಚಿನವರೆಗೆ ಬಂತು.

"ಇಬ್ಬರೂ ಒಂದೇ ಬದಿಗೆ ಬೇಡ" ಎಂದು ಲತೇಶ ಎಂಜಿನ್ನಿನ ಸದ್ದಿನ ನಡುವೆ ಕೂಗಿದ. "ಯಾರಾದ್ರೂ ಒಬ್ಬರು ಆಚೆ ಹೋಗಿ."

"ನೀವು ಹೋಗಿ ಅಪ್ಪ" ಎಂದಳು ಪೂಜಾಶ್ರೀ, ಬಾಯಿ ಒರೆಸಿಕೊಳ್ಳುತ್ತ. "ನಾನು ಇಲ್ಲಿ ಇರ್ತೇನೆ. ನನಗೆ ಎಂತದೂ ಆಗುವುದಿಲ್ಲ."

ಅವಳ ಕೈ ಬಿಟ್ಟು ಆಚೆ ಬದಿಗೆ ಹೋಗಿ ಕೂತೆ. ದೋಣಿ ಸಮವಾಯಿತು.